ಹದಿಹರೆಯದ ಮಿದು ಮನಸ್ಸು, ಹಿಂಸೆಯ ಒರಟು ಜಗತ್ತು

ಬಾಲ್ಯ ಕಳೆದು ಯೌವನವಿನ್ನೂ ಪೂರ್ಣವಾಗಿ ಕಾಲಿರಿಸದ ನಡುವಣ ಕಾಲವೇ ಹದಿಹರೆಯ. ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷಗಳವರೆಗಿನ ವಯಸ್ಸನ್ನು ಈ ಹೆಸರಿನಿಂದ ಗುರುತಿಸುತ್ತದೆ. ಹುಡುಗನ ದನಿ ಒಡೆಯುತ್ತದೆ, ತುಟಿಯ ಮೇಲೆ ಮೀಸೆ ಚಿಗುರುತ್ತದೆ, ಹುಡುಗಿ ಮೈನೆರೆಯುತ್ತಾಳೆ. ಶರೀರದ ಈ ಮಾರ್ಪಾಡುಗಳು ಮನೆಮಂದಿಗೆಲ್ಲ ಕಾಣುತ್ತವೆ. ಆದರೆ ಅದೇ ಹೊತ್ತಿಗೆ ಮನಸ್ಸಿನಲ್ಲಿ ನಡೆಯುವ ಮಾರ್ಪಾಡುಗಳನ್ನು ಗಮನಿಸುವವರು ವಿರಳ. ನಿನ್ನೆಯವರೆಗೆ ತಾಯಿಯ ಸೆರಗು ಹಿಡಿದು ಎಲ್ಲವನ್ನೂ ಹೇಳುತ್ತಿದ್ದ ಮಗು ಇಂದು ಮೂಲೆಯಲ್ಲಿ ಮೌನವಾಗಿ ಕುಳಿತರೆ, “ಇವನಿಗೆ ಈಚೆಗೆ ಸೊಕ್ಕು ಬಂದಿದೆ” ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಅದು ಸೊಕ್ಕೋ ಸಂಕಟವೋ ಎಂದು ವಿಚಾರಿಸುವ ವ್ಯವಧಾನ ಅನೇಕರಿಗೆ ಇರುವುದಿಲ್ಲ.

ಭಾಂಡುಪಿನಂತಹ ಉಪನಗರದಲ್ಲಿ ಈ ವ್ಯವಧಾನದ ಕೊರತೆ ಇನ್ನಷ್ಟು ಹೆಚ್ಚು. ಪಶ್ಚಿಮಕ್ಕೆ ಗುಡ್ಡ, ಪೂರ್ವಕ್ಕೆ ಖಾಡಿ, ನಡುವೆ ರೈಲುಹಳಿ. ಈ ಪಟ್ಟಿಯಲ್ಲಿ ಕಾರ್ಖಾನೆಗಳು ತಲೆಯೆತ್ತಿದಾಗ ಅವುಗಳ ಬೆನ್ನಿಗೇ ಚಾಳುಗಳೂ ಗುಡ್ಡದ ಇಳಿಜಾರಿನ ಜೋಪಡಿಗಳೂ ಎದ್ದವು. ಹೊಟ್ಟೆಪಾಡಿಗಾಗಿ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಕನ್ನಡಿಗರು ಇಲ್ಲಿ ಬೇರೂರಿದರು. ಈಗ ಕಾರ್ಖಾನೆಗಳು ಹಲವು ಮುಚ್ಚಿ ಅವುಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ನಿಂತಿದ್ದರೂ, ದುಡಿಯುವವರ ದಿನಚರಿ ಹೆಚ್ಚು ಬದಲಾಗಿಲ್ಲ. ತಂದೆ ರಾತ್ರಿಪಾಳಿಗೋ ಹೋಟೆಲಿಗೋ ಹೋಗುತ್ತಾನೆ. ತಾಯಿ ಬೆಳಗಿನ ಗಾಡಿ ಹಿಡಿಯುತ್ತಾಳೆ. ಓದುವ, ಉಣ್ಣುವ, ಮಲಗುವ ಒಂದೇ ಖೋಲಿಯಲ್ಲಿ ದೂರದರ್ಶನದ ಪೆಟ್ಟಿಗೆಯೂ ಇರುತ್ತದೆ. ಹಿರಿಯರು ನೋಡುವುದನ್ನೆಲ್ಲ ಕಿರಿಯರೂ ನೋಡುತ್ತಾರೆ. ಹಿರಿಯರಿಲ್ಲದಾಗ ಅಂಗೈಯಲ್ಲಿರುವ ಮೊಬೈಲಿನಲ್ಲಿ ಇನ್ನೂ ಹೆಚ್ಚಿನದನ್ನು ನೋಡುತ್ತಾರೆ.

ತೆರೆಯ ಮೇಲೂ ಬೀದಿಯಲ್ಲೂ ದಿನನಿತ್ಯ ಕಾಣುವ ಹೊಡೆತ, ಬಡಿತ, ಕೊಲೆ, ಸುಲಿಗೆಗಳು ಬೆಳೆಯುತ್ತಿರುವ ಮನಸ್ಸಿನ ಮೇಲೆ, ವಿಶೇಷವಾಗಿ ಸ್ವಭಾವದಿಂದಲೇ ಸೂಕ್ಷ್ಮವಾದ ಮನಸ್ಸಿನ ಮೇಲೆ, ಯಾವ ಪರಿಣಾಮವನ್ನು ಬೀರುತ್ತವೆ? ಆ ಪರಿಣಾಮವನ್ನು ತಗ್ಗಿಸಲು ಮನೆಯವರು ಏನು ಮಾಡಬಹುದು? ಪ್ರತಿಯೊಬ್ಬ ಪಾಲಕನೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಸೂಕ್ಷ್ಮತೆ ದೌರ್ಬಲ್ಯವಲ್ಲ

ಎಲ್ಲ ಮಕ್ಕಳ ಮನಸ್ಸೂ ಒಂದೇ ಹದದ್ದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೆರೋಮ್ ಕೇಗನ್ ಅವರು ನಾಲ್ಕು ತಿಂಗಳ ಕೂಸುಗಳನ್ನು ಪರೀಕ್ಷಿಸಿದಾಗ, ಸುಮಾರು ನೂರಕ್ಕೆ ಇಪ್ಪತ್ತು ಕೂಸುಗಳು ಹೊಸ ಸದ್ದು, ಹೊಸ ವಾಸನೆ, ಹೊಸ ವಸ್ತುಗಳಿಗೆ ಉಳಿದವುಗಳಿಗಿಂತ ಬಲವಾಗಿ ಪ್ರತಿಕ್ರಿಯೆ ತೋರಿದುದನ್ನು ಕಂಡರು. ಮುಂದೆ ಎಲೇನ್ ಆರನ್ ಎಂಬ ಮನೋವಿಜ್ಞಾನಿ 1996ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಜನರಲ್ಲಿ ನೂರಕ್ಕೆ 15ರಿಂದ 20 ಮಂದಿ ಹುಟ್ಟಿನಿಂದಲೇ ಅತಿಸೂಕ್ಷ್ಮ ಸಂವೇದನೆಯವರೆಂದು ಅಂದಾಜು ಮಾಡಿದರು. ಇದು ರೋಗವಲ್ಲ, ಕಣ್ಣಿನ ಬಣ್ಣದಂತೆ, ಕೂದಲಿನ ಗುಂಗುರಿನಂತೆ ಹುಟ್ಟಿನೊಡನೆ ಬಂದ ಸ್ವಭಾವ.

ಒಂದೇ ಮಳೆಗೆ ಬಂಡೆ ತೊಯ್ದು ಮರುಗಳಿಗೆಯಲ್ಲೇ ಒಣಗುತ್ತದೆ. ಮಣ್ಣು ಆ ನೀರನ್ನೆಲ್ಲ ಒಳಗೆ ಹೀರಿಕೊಳ್ಳುತ್ತದೆ. ಸೂಕ್ಷ್ಮ ಮನಸ್ಸು ಮಣ್ಣಿನಂತಹುದು. ಬೆಳೆ ಬರುವುದೂ ಮಣ್ಣಿನಲ್ಲಿಯೇ ಎಂಬುದನ್ನು ಮರೆಯಬಾರದು. ಇಂತಹ ಮಕ್ಕಳು ಅನ್ಯರ ನೋವನ್ನು ಬೇಗನೆ ಗ್ರಹಿಸುತ್ತಾರೆ, ಪ್ರಾಣಿಗಳನ್ನು ಪ್ರೀತಿಸುತ್ತಾರೆ, ಹಾಡು ಚಿತ್ರ ಕತೆಗಳಲ್ಲಿ ತನ್ಮಯರಾಗುತ್ತಾರೆ. ಆದರೆ ಇದೇ ಮಕ್ಕಳು ಗದರಿಕೆಗೆ ಕುಗ್ಗುತ್ತಾರೆ, ಒಂದು ಕ್ರೂರ ದೃಶ್ಯವನ್ನು ವಾರಗಟ್ಟಲೆ ಮರೆಯಲಾರದೆ ನಿದ್ದೆಗೆಡುತ್ತಾರೆ.

ಹದಿಹರೆಯದಲ್ಲಿ ಈ ಸ್ವಭಾವದ ಭಾರ ಇಮ್ಮಡಿಯಾಗುತ್ತದೆ. ಅದಕ್ಕೆ ಕಾರಣ ಮೆದುಳಿನ ಬೆಳವಣಿಗೆಯ ಕ್ರಮ. ಭಯ, ಕೋಪ, ಉದ್ವೇಗಗಳಿಗೆ ಸಂಬಂಧಿಸಿದ ಅಮಿಗ್ಡಲಾ ಮೊದಲಾದ ಭಾಗಗಳು ಈ ವಯಸ್ಸಿನಲ್ಲಿ ಬಹು ಚುರುಕಾಗಿರುತ್ತವೆ. ಅವುಗಳಿಗೆ ಕಡಿವಾಣ ಹಾಕಿ, ಹಿಂದುಮುಂದು ಯೋಚಿಸುವ ಹೊಣೆ ಹೊತ್ತಿರುವ ಹಣೆಯ ಹಿಂಬದಿಯ ಮುಮ್ಮೆದುಳಾದರೋ ಇಪ್ಪತ್ತೈದರ ಆಸುಪಾಸಿನವರೆಗೂ ಪಕ್ವವಾಗುತ್ತಲೇ ಇರುತ್ತದೆ. ಕುದುರೆ ಬಲಿತಿದೆ, ಸವಾರನಿನ್ನೂ ಎಳೆಯ. ಆದುದರಿಂದಲೇ ಈ ವಯಸ್ಸಿನವರಿಗೆ ಅಂಜಿಕೆಯೂ ಹೆಚ್ಚು, ಹುಂಬತನವೂ ಹೆಚ್ಚು.

ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆರೆಗೆ ತಂದ, ಯು. ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿದ ‘ಘಟಶ್ರಾದ್ಧ’ವನ್ನು ಕಂಡವರಿಗೆ ಅದರಲ್ಲಿನ ಬಾಲಕ ನಾಣಿಯ ನೆನಪಿರುತ್ತದೆ. ತನ್ನನ್ನು ಪ್ರೀತಿಯಿಂದ ನೋಡಿಕೊಂಡ ಯಮುನಕ್ಕನಿಗೆ ಊರವರು ಎಸಗುವ ಕ್ರೌರ್ಯಕ್ಕೆ ಅವನು ಮೂಕಸಾಕ್ಷಿ. ಅವನಿಗೆ ಯಾರೂ ಹೊಡೆಯದಿದ್ದರೂ ಪೆಟ್ಟು ಬೀಳುವುದು ಅವನಿಗೂ ಹೌದು. ಹಿಂಸೆಯನ್ನು ಕಾಣುವ ಪ್ರತಿಯೊಂದು ಸೂಕ್ಷ್ಮ ಮಗುವಿನ ಸ್ಥಿತಿಯೂ ಇದೇ ಆಗಿದೆ.

ತೆರೆಯ ಮೇಲಿನ ಹಿಂಸೆ

ಮುಂಬಯಿಯಲ್ಲಿ ಬೆಳೆದ ಹುಡುಗರಿಗೆ ಸಿನಿಮಾ ಎಂದಿಗೂ ಎರಡನೆಯ ಶಾಲೆ. 1973ರ ‘ಜಂಜೀರ್’, 1975ರ ‘ದೀವಾರ್’ ಚಿತ್ರಗಳೊಡನೆ ಹಿಂದಿ ತೆರೆಗೆ ಕೋಪಿಷ್ಠ ತರುಣನೊಬ್ಬನು ಬಂದನು. ‘ದೀವಾರ್’ನ ನಾಯಕನು ಕಳ್ಳಸಾಗಣೆಗಾರನಾದುದರ ಮೂಲದಲ್ಲಿ, ತಂದೆಯ ಅಪಕೀರ್ತಿಯನ್ನು ಅವನ ಎಳೆಯ ತೋಳಿನ ಮೇಲೆಯೇ ಹಚ್ಚೆ ಹೊಯ್ದು ಅವಮಾನಿಸಿದ ಜನರಿದ್ದರು ಎಂಬುದನ್ನು ಆ ಚಿತ್ರ ಮರೆಸಲಿಲ್ಲ. ಆದರೆ ಬಾಲ್ಯದ ಆ ಗಾಯವನ್ನು ಗಮನಿಸಿದ ಪ್ರೇಕ್ಷಕರಿಗಿಂತ ನಾಯಕನ ಮುಷ್ಟಿಯನ್ನು ಮೆಚ್ಚಿದವರೇ ಹೆಚ್ಚು.

1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೇ’ ಕನ್ನಡ ನಾಡಿನ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ, ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಠಾಕೂರನು ಡಕಾಯಿತ ಗಬ್ಬರನನ್ನು ತುಳಿದು ಕೊಲ್ಲುವ ಕೊನೆಯ ದೃಶ್ಯವನ್ನು ಸೆನ್ಸಾರ್ ಮಂಡಳಿಯ ಒತ್ತಾಯದಿಂದ ಬದಲಾಯಿಸಿ, ಪೊಲೀಸರು ಬಂದು ತಡೆಯುವಂತೆ ಮಾಡಲಾಯಿತು. ಕಾನೂನನ್ನು ಕೈಗೆತ್ತಿಕೊಳ್ಳಬಾರದೆಂಬ ಪಾಠವನ್ನು ಹೀಗೆ ಉಳಿಸಿಕೊಂಡದ್ದೇನೋ ಸರಿ. ಆದರೆ ಮಕ್ಕಳ ನಾಲಗೆಯ ಮೇಲೆ ನಲಿದಾಡಿದ್ದು ಆ ಪಾಠವಲ್ಲ, ಗಬ್ಬರನ ಮಾತುಗಳು. ಕೊನೆಗೆ ಒಂದು ಬಿಸ್ಕತ್ತಿನ ಜಾಹೀರಾತಿನಲ್ಲಿ ಅದೇ ಗಬ್ಬರನು ಕಾಣಿಸಿಕೊಂಡು, ಇದೇ ತನ್ನ ನಿಜವಾದ ಮೆಚ್ಚಿನ ತಿನಿಸೆಂದು ಸಾರಿದನು! ಊರನ್ನೇ ನಡುಗಿಸಿದ ಪಾತ್ರವು ಮಕ್ಕಳ ತಿಂಡಿಯ ಮಾರಾಟಗಾರನಾದುದು ನಗು ತರಿಸುವ ಸಂಗತಿಯಾದರೂ, ಹಿಂಸೆಯು ಎಷ್ಟು ಸುಲಭವಾಗಿ ವಿನೋದವಾಗಿಬಿಡುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕನ್ನಡದಲ್ಲಿ ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ನಿರ್ದೇಶಿಸಿದ ‘ನಾಗರಹಾವು’ ಚಿತ್ರದ ರಾಮಾಚಾರಿಯೂ ಕೋಪಿಷ್ಠನೇ. ತನ್ನನ್ನು ಸಾರ್ವಜನಿಕವಾಗಿ ಅವಮಾನಿಸಿದ ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿ ಸೇಡು ತೀರಿಸಿಕೊಳ್ಳುವಷ್ಟು ಕೋಪ. ಮನೆಯಲ್ಲಿ ತಂದೆಯ ತಾತ್ಸಾರಕ್ಕೆ ಗುರಿಯಾದ ಅವನನ್ನು ಚಾಮಯ್ಯ ಮೇಷ್ಟ್ರು ಒಬ್ಬರೇ ಪ್ರೀತಿಸಿದರು. ಆದರೆ ಪ್ರೀತಿಸಿದ ಆ ಮೇಷ್ಟ್ರು ಸಹ ಅವನ ಮನಸ್ಸಿನ ಮಾತನ್ನು ಪೂರ್ತಿಯಾಗಿ ಕೇಳದೆ, ತಮ್ಮ ಮಾತನ್ನೇ ಅವನಿಂದ ನಡೆಸಿಕೊಂಡರು. ಕತೆಯು ದುರಂತವಾದುದು ಹಾಗೆಯೇ. ಪ್ರೀತಿಯೊಂದಿದ್ದರೆ ಸಾಲದು, ಕಿವಿಗೊಡುವ ತಾಳ್ಮೆಯೂ ಬೇಕು ಎಂಬ ಸತ್ಯವನ್ನು ಪಾಲಕರು ಆ ಚಿತ್ರದಿಂದ ಕಲಿಯಬಹುದು.

ಸಿನಿಮಾ ನೋಡಲು ಆಗ ಟಿಕೇಟಿನ ಹಣ ಬೇಕಿತ್ತು, ಮನೆಯವರ ಅಪ್ಪಣೆ ಬೇಕಿತ್ತು. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನ ಕೇಂದ್ರ ಆರಂಭವಾಯಿತು. 1990ರ ದಶಕದಲ್ಲಿ ಕೇಬಲ್ ತಂತಿ ಚಾಳುಚಾಳಿಗೂ ಹರಿಯಿತು. 2016ರಿಂದೀಚೆಗೆ ಅಂತರ್ಜಾಲವು ಅತಿ ಅಗ್ಗವಾಗಿ ದೊರೆಯತೊಡಗಿದ ಮೇಲೆ ಯಾರ ಅಪ್ಪಣೆಯೂ ಬೇಕಿಲ್ಲದಂತಾಯಿತು. ಬೀದಿಜಗಳದ, ಗುಂಪುಥಳಿತದ, ಅಪಘಾತದ ನಿಜದೃಶ್ಯಗಳು ಕೈಯಿಂದ ಕೈಗೆ ಹರಿಯುತ್ತವೆ. ಸಿನಿಮಾದ ರಕ್ತ ಬಣ್ಣದ ನೀರೆಂದು ಮಗುವಿಗೆ ಹೇಳಬಹುದು. ಇಲ್ಲಿನ ರಕ್ತ ನಿಜವಾದುದು.

ಸಂಶೋಧನೆ ಏನನ್ನುತ್ತದೆ?

ಹಿಂಸೆಯ ದೃಶ್ಯಗಳನ್ನು ನೋಡಿದವರೆಲ್ಲ ಹಿಂಸಕರಾಗುವರೆಂದು ಹೇಳುವುದು ಅತಿಶಯೋಕ್ತಿಯಾದೀತು. ಅದರಿಂದ ಏನೂ ಆಗದೆನ್ನುವುದೂ ಅಷ್ಟೇ ತಪ್ಪು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರಾ ಅವರು 72 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಗಾಳಿ ತುಂಬಿದ ಗೊಂಬೆಯೊಂದನ್ನು ಹಿರಿಯರು ಬಡಿಯುವುದನ್ನು ಕಂಡ ಮಕ್ಕಳು, ಅವಕಾಶ ದೊರೆತಾಗ ಅದೇ ಬಗೆಯಲ್ಲಿ, ಅದೇ ಮಾತುಗಳನ್ನಾಡುತ್ತ ಗೊಂಬೆಯನ್ನು ಬಡಿದರು. 1965ರ ಇನ್ನೊಂದು ಪ್ರಯೋಗದಲ್ಲಿ, ಬಡಿದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನವೆಂದಾಗ ಅವರೂ ಮಾಡಿ ತೋರಿಸಿದರು! ಎಂದರೆ ಪಾಠವನ್ನು ಎಲ್ಲರೂ ಕಲಿತಿದ್ದರು, ಒಪ್ಪಿಸುವ ಸಂದರ್ಭಕ್ಕಾಗಿ ಕಾದಿದ್ದರು.

ಷಿಕಾಗೋ ಪ್ರದೇಶದಲ್ಲಿ 1977ರಲ್ಲಿ ಆರಂಭವಾದ ಒಂದು ಅಧ್ಯಯನವು ಶಾಲಾಬಾಲಕರನ್ನು ಸುಮಾರು 15 ವರ್ಷಗಳ ಬಳಿಕ ಮತ್ತೆ ಹುಡುಕಿ ನೋಡಿತು. ಎಳವೆಯಲ್ಲಿ ಹಿಂಸೆಯ ಕಾರ್ಯಕ್ರಮಗಳನ್ನು ಹೆಚ್ಚಾಗಿ ನೋಡಿ, ಅದರ ಪಾತ್ರಗಳೊಡನೆ ತಮ್ಮನ್ನು ಗುರುತಿಸಿಕೊಂಡವರಲ್ಲಿ ಮುಂದೆ ಆಕ್ರಮಣಶೀಲತೆ ಹೆಚ್ಚಾಗಿತ್ತು. ವಿಡಿಯೋ ಆಟಗಳ ವಿಷಯದಲ್ಲಿ ಅಮೆರಿಕದ ಮನೋವಿಜ್ಞಾನ ಸಂಘವು 2020ರಲ್ಲಿ ಸಮತೂಕದ ಅಭಿಪ್ರಾಯ ನೀಡಿದೆ. ಕೂಗಾಟ, ತಳ್ಳಾಟದಂತಹ ವರ್ತನೆಗೂ ಹಿಂಸೆಯ ಆಟಗಳಿಗೂ ಅಲ್ಪಪ್ರಮಾಣದ ಸಂಬಂಧವುಂಟು. ಆದರೆ ಘೋರ ಅಪರಾಧಗಳಿಗೆ ಇವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ.

ಸೂಕ್ಷ್ಮಮನಸ್ಕರ ಮಟ್ಟಿಗೆ ಇದಕ್ಕಿಂತ ಮುಖ್ಯವಾದುದು ಮತ್ತೊಂದು ಪರಿಣಾಮ. ದೂರದರ್ಶನವನ್ನು ಅತಿಯಾಗಿ ನೋಡುವವರಿಗೆ ಜಗತ್ತು ಇರುವುದಕ್ಕಿಂತಲೂ ಕ್ರೂರವಾಗಿ ತೋರತೊಡಗುತ್ತದೆಂದು ಜಾರ್ಜ್ ಗರ್ಬ್ನರ್ ಎಂಬ ವಿದ್ವಾಂಸರು 1970ರ ದಶಕದಿಂದಲೂ ಹೇಳುತ್ತ ಬಂದರು. ಅಮೆರಿಕದ ಒಕ್ಲಹೋಮಾ ನಗರದಲ್ಲಿ 1995ರ ಏಪ್ರಿಲ್ 19ರಂದು ಬಾಂಬು ಸಿಡಿದಾಗ, ಅಲ್ಲಿಂದ ನೂರು ಮೈಲಿ ದೂರದಲ್ಲಿದ್ದು, ಸತ್ತವರ ಪರಿಚಯವೂ ಇಲ್ಲದ ಮಕ್ಕಳಲ್ಲಿ ಕೆಲವರು ಬಹುಕಾಲ ಆಘಾತದ ಲಕ್ಷಣಗಳನ್ನು ತೋರಿದರು. ಘಟನೆಯನ್ನು ದೂರದರ್ಶನದಲ್ಲಿ ಮತ್ತೆ ಮತ್ತೆ ಕಂಡದ್ದೂ ಅದಕ್ಕೊಂದು ಕಾರಣವೆಂದು ತಜ್ಞರು ಗುರುತಿಸಿದರು. ಹಿಂಸೆಯ ದೃಶ್ಯವು ಒರಟು ಮನಸ್ಸನ್ನು ಇನ್ನಷ್ಟು ಒರಟಾಗಿಸಿದರೆ, ಮಿದು ಮನಸ್ಸಿನಲ್ಲಿ ಭಯವಾಗಿ ಮನೆಮಾಡುತ್ತದೆ. ಭಯಗೊಂಡವನು ಅಪರಾಧ ಮಾಡುವುದಿಲ್ಲ. ಆದುದರಿಂದ ಅವನ ಕಡೆ ಯಾರ ಗಮನವೂ ಹರಿಯುವುದಿಲ್ಲ.

ಬೀದಿಗೆ ಬಂದ ಹಿಂಸೆ

ಮುಂಬಯಿಯ ಮಕ್ಕಳು ಹಿಂಸೆಯನ್ನು ಬರಿಯ ತೆರೆಯ ಮೇಲೆ ಕಂಡವರಲ್ಲ. 1969ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ–ಮೈಸೂರು ಗಡಿವಿವಾದದ ಹೆಸರಿನಲ್ಲಿ ಈ ನಗರದಲ್ಲಿ ಗಲಭೆಗಳು ನಡೆದು ಐವತ್ತಕ್ಕೂ ಹೆಚ್ಚು ಜನರು ಸತ್ತರು. ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದ ದಿನಗಳವು. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಒಲೆ ಆರಿತು. ಆ ಮನೆಗಳ ಹುಡುಗರಲ್ಲಿ ಕೆಲವರು ಭೂಗತ ಟೋಳಿಗಳ ಬಲೆಗೆ ಬಿದ್ದರೆಂದು ಆ ಕಾಲವನ್ನು ಕುರಿತು ಬರೆದವರು ಹೇಳುತ್ತಾರೆ. ಮುಷ್ಕರದ ಮುಂದಾಳು ದತ್ತಾ ಸಾಮಂತರೇ 1997ರ ಜನವರಿ 16ರಂದು ಭಾಂಡುಪಿನ ನೆರೆಯ ಪೊವಾಯಿಯಲ್ಲಿ ಗುಂಡಿಗೆ ಬಲಿಯಾದರು.

1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ ಸುಮಾರು 900 ಜನರು ಸತ್ತರೆಂದು ಶ್ರೀಕೃಷ್ಣ ಆಯೋಗವು ದಾಖಲಿಸಿತು. 1993ರ ಮಾರ್ಚ್ 12ರ ಸರಣಿಸ್ಫೋಟದಲ್ಲಿ 257 ಜನರು ಸತ್ತರು. 2003ರ ಮಾರ್ಚ್ 13ರಂದು ಮುಲುಂಡ್ ನಿಲ್ದಾಣದಲ್ಲಿ ಲೋಕಲ್ ಗಾಡಿಯ ಮಹಿಳೆಯರ ಡಬ್ಬಿಯೇ ಸ್ಫೋಟಕ್ಕೆ ತುತ್ತಾಯಿತು; ಭಾಂಡುಪಿನ ಹೆಣ್ಣುಮಕ್ಕಳು ಕಾಲೇಜಿಗೂ ಕೆಲಸಕ್ಕೂ ಹೋಗಿಬರುವ ದಾರಿ ಅದೇ.

2008ರ ನವೆಂಬರ್ 26ರಂದು, ಮಧ್ಯರೈಲ್ವೆಯ ಪ್ರಯಾಣಿಕರೆಲ್ಲ ದಿನಾಲೂ ಇಳಿದೇರುವ ಛತ್ರಪತಿ ಶಿವಾಜಿ ನಿಲ್ದಾಣದಲ್ಲಿಯೂ ತಾಜ್, ಒಬೆರಾಯ್ ಹೋಟೆಲುಗಳಲ್ಲಿಯೂ ನಡೆದ ದಾಳಿಯು 166 ಜೀವಗಳನ್ನು ಬಲಿತೆಗೆದುಕೊಂಡಿತು. ಸುಮಾರು 60 ಗಂಟೆಗಳ ಕಾಲ ಆ ಕಾಳಗವು ಮನೆಮನೆಯ ಪರದೆಯ ಮೇಲೆ ನೇರವಾಗಿ ನಡೆಯಿತು. ಅಂದಿನ ನೇರಪ್ರಸಾರದ ರೀತಿಯನ್ನು ಸರ್ವೋಚ್ಚ ನ್ಯಾಯಾಲಯವು 2012ರ ತನ್ನ ತೀರ್ಪಿನಲ್ಲಿ ಕಟುವಾಗಿ ಖಂಡಿಸಿತು. ಭಯೋತ್ಪಾದಕರ ವಿರುದ್ಧದ ಕಾರ್ಯಾಚರಣೆಯನ್ನು ನೇರವಾಗಿ ತೋರಿಸಕೂಡದೆಂಬ ನಿಯಮವು 2015ರಲ್ಲಿ ಜಾರಿಗೆ ಬಂದಿತು. ಭದ್ರತೆಯ ದೃಷ್ಟಿಯಿಂದ ಬಂದ ಈ ನಿಯಮವು ಸ್ವಾಗತಾರ್ಹ. ಆದರೆ ಆ ಮೂರು ರಾತ್ರಿ ಪರದೆಯ ಮುಂದೆ ಕಣ್ಣುಬಿಟ್ಟು ಕುಳಿತ ಮಕ್ಕಳೊಡನೆ ಬಳಿಕ ಎಷ್ಟು ಮನೆಗಳಲ್ಲಿ ಅದರ ಬಗ್ಗೆ ಮಾತನಾಡಿದ್ದಾರು? ನಗರವು ಮರುದಿನವೇ ಕೆಲಸಕ್ಕೆ ಹೊರಡುತ್ತದೆಂದು ಎಲ್ಲರೂ ಹೊಗಳುತ್ತಾರೆ. ದೊಡ್ಡವರು ಗಾಡಿ ಹಿಡಿದು ಹೊರಟುಹೋಗುತ್ತಾರೆ; ಮಗುವಿನ ಪ್ರಶ್ನೆಗಳು ಖೋಲಿಯಲ್ಲೇ ಉಳಿಯುತ್ತವೆ.

ನಾಲ್ಕು ಗೋಡೆಗಳ ನಡುವೆ

ಸಿನಿಮಾವನ್ನೂ ಸಮಾಜವನ್ನೂ ದೂರುವುದು ಸುಲಭ. ಆದರೆ ಬಹುಪಾಲು ಮಕ್ಕಳು ಹಿಂಸೆಯ ಮೊದಲ ಪಾಠವನ್ನು ಕಲಿಯುವುದು ಮನೆಯಲ್ಲಿ ಮತ್ತು ಶಾಲೆಯಲ್ಲಿ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಗುರಿಯಾಗಿದ್ದರು. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 65 ಮಂದಿ ಏಟು ತಿಂದುದಾಗಿ ತಿಳಿಸಿದ್ದರು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯು ನಿಷೇಧಿಸಿದೆ. ಮನೆಯೊಳಗಿನ ಬೆತ್ತಕ್ಕೆ ಕಾಯಿದೆಗಿಂತ ವಿವೇಕವೇ ತಡೆಯಾಗಬೇಕು.

ಕುಡಿದು ಬಂದ ತಂದೆ ತಾಯಿಯ ಮೇಲೆ ಕೈಮಾಡಿದ ಮನೆಯಲ್ಲಿ, ತೆಳುಗೋಡೆಯ ಆಚೆಗಿನ ನೆರೆಮನೆಯ ಮಗುವೂ ಕಿವಿ ಮುಚ್ಚಿಕೊಂಡು ಮಲಗುತ್ತದೆ. ಅಂತಹ ಮಗುವಿಗೆ “ಟೀವಿಯಲ್ಲಿ ಹೊಡೆದಾಟ ನೋಡಬೇಡ” ಎಂದು ಬುದ್ಧಿ ಹೇಳಿದರೆ ಪ್ರಯೋಜನವೇನು? ಇನ್ನು ನೊಂದು ಅತ್ತ ಹುಡುಗನಿಗೆ ಸಿಗುವ ಮಾತು, “ಹೆಣ್ಣಿನ ಹಾಗೆ ಅಳುವುದೇನೋ?” ಎಂದು. ಅಂಜಿದ ಹುಡುಗಿಗೆ, “ಅಷ್ಟಕ್ಕೆಲ್ಲ ಹೆದರಿದರೆ ಮುಂಬಯಿಯಲ್ಲಿ ಬಾಳುವುದು ಹೇಗೆ?” ಎಂದು. ಹೇಳುವವರ ಉದ್ದೇಶ ಕೆಟ್ಟದ್ದಲ್ಲ. ಮಕ್ಕಳು ಗಟ್ಟಿಯಾಗಲೆಂಬುದೇ ಅವರ ಆಸೆ. ಆದರೆ ಅಳು ನುಂಗಿದ ಹುಡುಗ ಗಟ್ಟಿಯಾಗುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಆ ಮೌನವು ಕೆಲವರಲ್ಲಿ ಖಿನ್ನತೆಗೆ ತಿರುಗುತ್ತದೆ. ಕೆಲವರಲ್ಲಿ ಹಠಾತ್ತನೆ ಸಿಡಿಯುವ ಕೋಪವಾಗುತ್ತದೆ.

ಯಕ್ಷಗಾನದಿಂದ ಕಲಿಯಬೇಕಾದುದು

ಹಿಂದಿನ ಕಾಲದ ಮಕ್ಕಳು ಹಿಂಸೆಯ ಕತೆಗಳನ್ನು ಕೇಳಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಿದರು, ಕಂಡರು. ದುಶ್ಶಾಸನನ ವಧೆ, ದುರ್ಯೋಧನನ ತೊಡೆಮುರಿತ, ಹದಿನಾರರ ಹರೆಯದ ಅಭಿಮನ್ಯುವನ್ನು ಮಹಾರಥರು ಸುತ್ತುವರಿದು ಕೊಂದದ್ದು, ಎಲ್ಲವನ್ನೂ ಬಯಲಾಟದ ರಂಗಸ್ಥಳದ ಮುಂದೆ ಕುಳಿತು ರಾತ್ರಿಯಿಡೀ ಕಂಡರು. ಆದರೂ ಆ ಕಾಣ್ಕೆಗೂ ಇಂದಿನದಕ್ಕೂ ಮಹದಂತರವಿದೆ.

ಮೊದಲನೆಯದಾಗಿ, ಯಕ್ಷಗಾನದಲ್ಲಿ ಕೊಲೆಯು ಕುಣಿತದ ಮೂಲಕ ಸೂಚಿತವಾಗುತ್ತದೆ. ಅಲ್ಲಿ ವೈಭವ ಇರುವುದು ವೇಷಕ್ಕೆ, ಮಾತಿಗೆ, ಪದ್ಯಕ್ಕೆ, ಗಾಯಕ್ಕಲ್ಲ. ಎರಡನೆಯದಾಗಿ, ಕೊಲ್ಲುವವನೂ ಸಾಯುವವನೂ ತಮ್ಮ ಕೃತ್ಯಕ್ಕೆ ಕಾರಣ ಹೇಳಬೇಕು. ತಾಳಮದ್ದಲೆಯಲ್ಲಂತೂ ಯುದ್ಧವೆಲ್ಲ ವಾದವೇ; ಧರ್ಮಾಧರ್ಮಗಳ ವಿಚಾರಣೆ ನಡೆಯದೆ ಬಾಣವೊಂದೂ ಹೊರಡದು. ಮೂರನೆಯದಾಗಿ, ಮಗುವಿನ ಪಕ್ಕದಲ್ಲಿ ಅಜ್ಜನೋ ಮಾವನೋ ಚಾಪೆ ಹಾಸಿ ಕುಳಿತಿರುತ್ತಿದ್ದರು. “ಅವನು ಯಾಕೆ ಸತ್ತ ಅಜ್ಜಾ?” ಎಂದರೆ ಉತ್ತರ ಹೇಳುವವರಿದ್ದರು. ಕೊನೆಗೆ ಬೆಳಗಿನ ಜಾವದಲ್ಲಿ ಮಂಗಳ ಹಾಡಿದಾಗ ಕತೆ ಮುಗಿಯುತ್ತಿತ್ತು. ವೇಷ ಕಳಚಿದ ದುಶ್ಶಾಸನ ಎಲ್ಲರೊಡನೆ ಚಹಾ ಕುಡಿಯುವುದನ್ನೂ ಮಗು ಕಾಣುತ್ತಿತ್ತು.

ಇಂದಿನ ಪರದೆಯಲ್ಲಿ ಮಂಗಳವೇ ಇಲ್ಲ. ಒಂದು ದೃಶ್ಯ ಮುಗಿಯುವುದರೊಳಗೆ ಮತ್ತೊಂದು ತಾನಾಗಿ ಬರುತ್ತದೆ. ಪಕ್ಕದಲ್ಲಿ ಅಜ್ಜನೂ ಇಲ್ಲ. ಕೊರತೆಯಾದುದು ಇದೇ. ಹಿಂಸೆಯ ಕತೆಗಳು ಹಿಂದೆಯೂ ಇದ್ದವು. ಅವನ್ನು ಅರಗಿಸಿಕೊಳ್ಳಲು ನೆರವಾಗುತ್ತಿದ್ದ ಹಿರಿಯರ ಸಾಮೀಪ್ಯ ಮಾತ್ರ ಈಗ ಇಲ್ಲವಾಗಿದೆ.

ನೀರು ತಿಳಿಯಾಗುವ ಬಗೆ

ಈ ಸಾಮೀಪ್ಯವು ಮಾಡುವ ಕೆಲಸವೇನೆಂದು ಅರಿಯಲು ಭಾಂಡುಪಿನವರು ದೂರ ಹೋಗಬೇಕಾಗಿಲ್ಲ. ದಿನಕ್ಕೆ 190 ಕೋಟಿ ಲೀಟರಿಗೂ ಮಿಕ್ಕಿ ನೀರನ್ನು ಶುದ್ಧಗೊಳಿಸುವ ಸಾಮರ್ಥ್ಯವುಳ್ಳ ಮಹಾನಗರಪಾಲಿಕೆಯ ಜಲಶುದ್ಧೀಕರಣ ಕೇಂದ್ರವು ಇಲ್ಲಿಯೇ ಇದೆ. ದೂರದ ಸರೋವರಗಳಿಂದ ಬಂದ ಕದಡಿದ ನೀರಿಗೆ ಪಟಿಕದಂತಹ ದ್ರವ್ಯವನ್ನು ಬೆರೆಸುತ್ತಾರೆ. ಕೆಸರು ಅಡಿಗಿಳಿಯುವವರೆಗೆ ಕದಲಿಸದೆ ಬಿಡುತ್ತಾರೆ. ಮರಳಿನ ಹಾಸಿನಲ್ಲಿ ಸೋಸುತ್ತಾರೆ. ಕ್ಲೋರಿನ್ ಬೆರೆಸಿ ಕಳುಹಿಸುತ್ತಾರೆ. ಮಳೆಗಾಲದಲ್ಲಿ ನೀರು ಕೆಂಪಾಗಿದೆಯೆಂದು ಯಾರೂ ನಗರಕ್ಕೆ ನೀರನ್ನೇ ನಿಲ್ಲಿಸುವುದಿಲ್ಲ. ಹಾಗೆಂದು ಕೆಸರುನೀರನ್ನು ನೇರವಾಗಿ ನಲ್ಲಿಗೂ ಬಿಡುವುದಿಲ್ಲ.

ಮಕ್ಕಳ ಮನಸ್ಸಿಗೆ ಹರಿದುಬರುವ ದೃಶ್ಯಗಳ ವಿಷಯವೂ ಹೀಗೆಯೇ. ಕನ್ನಡದಲ್ಲಿ ‘ತಿಳಿ’ ಎಂದರೆ ನಿರ್ಮಲವಾದುದು ಎಂದೂ ಹೌದು, ಅರಿತುಕೋ ಎಂದೂ ಹೌದು. ಅರಿವಾದೊಡನೆ ಮನಸ್ಸು ತಿಳಿಯಾಗುತ್ತದೆ. ಆ ಕೆಲಸಕ್ಕೆ ಮನೆಯೇ ಶುದ್ಧೀಕರಣ ಕೇಂದ್ರವಾಗಬೇಕು. ಅದಕ್ಕಾಗಿ ಪಾಲಕರು ಅನುಸರಿಸಬಹುದಾದ ಕೆಲವು ಸುಲಭ ಕ್ರಮಗಳಿವೆ.

1. ಜೊತೆಯಲ್ಲಿ ಕುಳಿತು ನೋಡುವುದು. ದಿನಕ್ಕೆ ಅರ್ಧಗಂಟೆಯಾದರೂ ಮಕ್ಕಳು ನೋಡುವುದನ್ನು ಹಿರಿಯರೂ ನೋಡಬೇಕು. ನೋಡಿದ ಬಳಿಕ, “ಆ ಹುಡುಗ ಮಾಡಿದ್ದು ಸರಿಯೆನಿಸಿತೇನೋ ಮಗಾ? ನೀನಾಗಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಬೇಕು. ಉತ್ತರವನ್ನು ತಿದ್ದುವ ಆತುರ ಬೇಡ.

2. ವಯಸ್ಸಿಗೆ ತಕ್ಕುದನ್ನು ಆರಿಸುವುದು. 2023ರ ತಿದ್ದುಪಡಿಯಂತೆ ಚಲನಚಿತ್ರಗಳಿಗೆ ಯು, ಯುಎ 7+, ಯುಎ 13+, ಯುಎ 16+, ಎ ಎಂಬ ಗುರುತುಗಳಿವೆ. ಅಂತರ್ಜಾಲದ ಮೂಲಕ ಬರುವ ಧಾರಾವಾಹಿಗಳಿಗೂ 2021ರಿಂದ ಇಂತಹ ವಯೋಗುರುತು ಕಡ್ಡಾಯವಾಗಿದೆ. ಇವು ಹಿರಿಯರಿಗೆ ಕೊಟ್ಟ ಎಚ್ಚರಿಕೆಯೆಂದು ತಿಳಿದು ನಡೆದುಕೊಳ್ಳಬೇಕು. ಇವು ಸರಾಸರಿ ಮಗುವನ್ನು ನೆನೆದು ಮಾಡಿದವು; ಸೂಕ್ಷ್ಮ ಮಗುವಿಗೆ ಒಂದು ಮೆಟ್ಟಿಲು ಕೆಳಗಿನದೇ ಲೇಸು.

3. ಸುದ್ದಿಗೆ ಮಿತಿ. ಗಲಭೆ, ಸ್ಫೋಟ, ಅಪಘಾತಗಳ ದಿನ ವಾರ್ತೆಯನ್ನು ಒಮ್ಮೆ ಕೇಳಿ ಪೆಟ್ಟಿಗೆಯನ್ನು ಆರಿಸಬೇಕು. ಒಂದೇ ದೃಶ್ಯವನ್ನು ಹತ್ತು ಬಾರಿ ನೋಡಿದರೆ ತಿಳಿವಳಿಕೆ ಹತ್ತುಪಟ್ಟಾಗುವುದಿಲ್ಲ, ಭಯವು ಆಗುತ್ತದೆ.

4. ಮಲಗುವ ಹೊತ್ತಿಗೆ ಮೊಬೈಲು ದೂರ. ನಿದ್ದೆಗೆ ಒಂದು ಗಂಟೆ ಮೊದಲು ಪರದೆಗಳೆಲ್ಲ ವಿಶ್ರಮಿಸಲಿ. ಹಿರಿಯರ ಮೊಬೈಲಿಗೂ ಇದೇ ನಿಯಮ ಅನ್ವಯಿಸಬೇಕು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಅವಶ್ಯ.

5. ಅಳುವಿಗೆ ಅವಕಾಶ. ಮಗು ಭಯವನ್ನು ಹೇಳಿಕೊಂಡಾಗ “ಅದೇನು ಮಹಾ!” ಎಂದು ತಳ್ಳಿಹಾಕದೆ, “ನೋಡಿದರೆ ಯಾರಿಗಾದರೂ ಸಂಕಟವಾಗುತ್ತದೆ” ಎನ್ನಬೇಕು. ಬಳಿಕ, ಗಾಯಗೊಂಡವರನ್ನು ಆಸ್ಪತ್ರೆಗೆ ಹೊತ್ತೊಯ್ದವರೂ ರಕ್ತದಾನ ಮಾಡಿದವರೂ ಅದೇ ಬೀದಿಯಲ್ಲಿ ಇದ್ದರೆಂಬುದನ್ನು ಹೇಳಬೇಕು.

6. ಕೈಗೆ ಕೆಲಸ, ಮೈಗೆ ಆಟ. ಕಬಡ್ಡಿ, ಕ್ರಿಕೆಟ್, ಹಾಡು, ತಬಲ, ಚಿತ್ರ, ದಿನಚರಿ ಬರೆಯುವುದು, ಇವೆಲ್ಲ ಒಳಗಿನ ಉದ್ವೇಗಕ್ಕೆ ಹೊರದಾರಿಗಳು. ಸೂಕ್ಷ್ಮಮತಿಗಳಿಗೆ ಇವು ಔಷಧವಿದ್ದಂತೆ.

7. ಮನೆಯಲ್ಲಿ ಕೈ ಎತ್ತದಿರುವುದು. ಇದೊಂದನ್ನು ಪಾಲಿಸದೆ ಉಳಿದ ಆರನ್ನು ಪಾಲಿಸಿದರೂ ಫಲವಿಲ್ಲ.

ವೈದ್ಯರ ನೆರವು ಯಾವಾಗ?

ಹದಿಹರೆಯದ ಮುನಿಸು, ಮೌನಗಳೆಲ್ಲ ಕಾಯಿಲೆಯಲ್ಲ. ಆದರೆ ಎರಡು ವಾರಗಳಿಗೂ ಮೀರಿ ನಿದ್ದೆ ಹಸಿವುಗಳು ಕೆಟ್ಟಿದ್ದರೆ. ಗೆಳೆಯರನ್ನೂ ಮೆಚ್ಚಿನ ಆಟವನ್ನೂ ತೊರೆದರೆ. ಶಾಲೆಗೆ ಹೋಗಲು ಒಲ್ಲೆನೆಂದರೆ. ಕಾರಣ ಕಾಣದ ತಲೆನೋವು, ಹೊಟ್ಟೆನೋವುಗಳು ಮರುಕಳಿಸುತ್ತಿದ್ದರೆ. ಪ್ರಾಣಿಗಳನ್ನೋ ಚಿಕ್ಕವರನ್ನೋ ಹಿಂಸಿಸತೊಡಗಿದರೆ ವೈದ್ಯರನ್ನು ಕಾಣಬೇಕು. ತನ್ನ ಮೈಗೆ ತಾನೇ ಗಾಯ ಮಾಡಿಕೊಂಡರೆ ಅಥವಾ “ನಾನು ಇರಲೇಬಾರದು” ಎಂಬ ಮಾತನ್ನಾಡಿದರೆ ಒಂದು ದಿನವೂ ತಡಮಾಡಬಾರದು. ಮಗುವನ್ನು ಒಂಟಿಯಾಗಿ ಬಿಡಲೂಬಾರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಮಹಾನಗರಗಳಲ್ಲಿ ಈ ಪ್ರಮಾಣ ಹಳ್ಳಿಗಳ ಸುಮಾರು ಇಮ್ಮಡಿ. ಇದನ್ನು ಗುಟ್ಟಾಗಿಡುವ ಅಗತ್ಯವಿಲ್ಲ. ಹುಡುಗನಿಗೆ ಹುಚ್ಚೆಂದು ಜನ ಆಡಿಕೊಂಡಾರು, ಊರಿನಲ್ಲಿ ಮದುವೆಯ ಸಂಬಂಧ ತಪ್ಪೀತು ಎಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡುವುದು, ಜ್ವರವನ್ನು ಬಚ್ಚಿಟ್ಟಂತೆಯೇ ಸರಿ. ಪರೇಲಿನ ಕೆ. ಇ. ಎಂ. ಆಸ್ಪತ್ರೆ, ಸಾಯನ್ನಿನ ಲೋಕಮಾನ್ಯ ತಿಲಕ ಆಸ್ಪತ್ರೆ, ಮುಂಬಯಿ ಸೆಂಟ್ರಲಿನ ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸಲಹೆ ಪಡೆಯಬಹುದು. ಸಂಕಟದಲ್ಲಿರುವ ಮಕ್ಕಳ ಸಹಾಯಕ್ಕಾಗಿ 1098 ಸಂಖ್ಯೆ ಇದೆ. 1996ರಲ್ಲಿ ಈ ಸೇವೆ ಹುಟ್ಟಿದ್ದೇ ಮುಂಬಯಿಯಲ್ಲಿ ಎಂಬುದು ಈ ನಗರಕ್ಕೆ ಹೆಮ್ಮೆ ತರುವ ಸಂಗತಿ.

ಸಂಘಸಂಸ್ಥೆಗಳ ಪಾತ್ರ

ಒಂದಾನೊಂದು ಕಾಲದಲ್ಲಿ ಕರಾವಳಿಯ ಹಳ್ಳಿಗಳಿಂದ ಹನ್ನೆರಡು, ಹದಿಮೂರರ ಹುಡುಗರು ಒಂಟಿಯಾಗಿ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದರು. 14 ವರ್ಷದೊಳಗಿನವರನ್ನು ಹೋಟೆಲು ಕೆಲಸಕ್ಕೆ ಇರಿಸಿಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಆದರೆ ಕಾನೂನು ಕಣ್ತೆರೆಯುವ ದಶಕಗಳ ಮೊದಲೇ, ಮುಂಬಯಿ ಕನ್ನಡಿಗರ ಸಂಘಸಂಸ್ಥೆಗಳು ಆ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದವು. ಹಗಲೆಲ್ಲ ಬೈಗುಳ ತಿಂದ ಹುಡುಗನಿಗೆ ರಾತ್ರಿ ಏಳರ ಬಳಿಕ ಒಬ್ಬ ಮೇಷ್ಟ್ರು ದೊರೆತರು, ಪುಸ್ತಕ ದೊರೆಯಿತು, ನಾಟಕದಲ್ಲೊಂದು ಪಾತ್ರ ದೊರೆಯಿತು, ಹೆಸರು ಹಿಡಿದು ಕರೆಯುವ ಗೆಳೆಯರು ದೊರೆತರು. ಅವರಲ್ಲಿ ಎಷ್ಟೋ ಮಂದಿ ಮುಂದೆ ವಕೀಲರೂ ಲೇಖಕರೂ ಉದ್ಯಮಿಗಳೂ ಆದರು. ರಾತ್ರಿಶಾಲೆಯು ಅಕ್ಷರದೊಡನೆ ಕೊಟ್ಟ ದೊಡ್ಡ ಕೊಡುಗೆಯೆಂದರೆ ಕಿವಿಗೊಡುವ ಹಿರಿಯರು.

ಇಂದಿನ ಮಗುವಿಗೆ ಹಗಲು ಶಾಲೆಯುಂಟು, ಕೈಯಲ್ಲಿ ಮೊಬೈಲುಂಟು, ಆ ಹಿರಿಯರಿಲ್ಲ. ಯಕ್ಷಗಾನ ತರಗತಿಗಳನ್ನೂ ಭಜನೆಗಳನ್ನೂ ಕ್ರೀಡಾಕೂಟಗಳನ್ನೂ ನಡೆಸುವ ಸಂಘಗಳಿಗೆ ಇದನ್ನು ಒದಗಿಸುವುದು ದುಬಾರಿಯ ಕೆಲಸವೇನಲ್ಲ. ವಾರಕ್ಕೊಂದು ಸಂಜೆ ಹದಿಹರೆಯದವರು ಸೇರಲು ಒಂದು ಕೋಣೆ, ಮಾತನಾಡಿಸಲು ಒಬ್ಬ ನಿವೃತ್ತ ಶಿಕ್ಷಕರು, ತಿಂಗಳಿಗೊಮ್ಮೆ ಬರುವ ಒಬ್ಬ ವೈದ್ಯರು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಒಂದು ಚಿತ್ರವನ್ನು ಒಟ್ಟಿಗೆ ನೋಡಿ, ತಾಳಮದ್ದಲೆಯ ರೀತಿಯಲ್ಲಿ ಅದರ ಪಾತ್ರಗಳ ತಪ್ಪುಒಪ್ಪುಗಳನ್ನು ಹುಡುಗರಿಂದಲೇ ವಾದಮಾಡಿಸಬಹುದು. ಬಾಯಿಬಿಟ್ಟು ವಾದಿಸಲು ಕಲಿತವನಿಗೆ ಕೈಯೆತ್ತುವ ಅಗತ್ಯ ಕಡಿಮೆ. ಅಂಜುಬುರುಕನೆಂದು ನಗೆಗೀಡಾಗುವ ಹುಡುಗನಿಗೆ ತನ್ನಂತೆಯೇ ಅಂಜುವ ಇತರರೂ ಇದ್ದಾರೆಂಬ ಧೈರ್ಯವಾದರೂ ಬರುತ್ತದೆ.

ಜಗತ್ತಿನ ಹಿಂಸೆಯನ್ನೆಲ್ಲ ತಡೆಯುವುದು ಚಾಳಿನ ಒಂದು ಖೋಲಿಯಲ್ಲಿ ವಾಸಿಸುವ ತಂದೆತಾಯಿಯರ ಕೈಯಲ್ಲಿಲ್ಲ. ಸಿನಿಮಾದವರೂ ಸುದ್ದಿವಾಹಿನಿಯವರೂ ನಾಳೆಯೇ ಸುಧಾರಿಸುವರೆಂದು ನಂಬುವಂತೆಯೂ ಇಲ್ಲ. ಆದರೆ ಪಾಳಿ ಮುಗಿಸಿ ಬಂದ ತಂದೆ ಕೈಕಾಲು ತೊಳೆದು, ಊಟಕ್ಕೆ ಕೂತಾಗ, “ಇವತ್ತು ಏನಾಯಿತು, ಹೇಳು” ಎಂದು ಮಗನನ್ನೋ ಮಗಳನ್ನೋ ಕೇಳುವುದನ್ನು ತಡೆಯುವವರು ಯಾರೂ ಇಲ್ಲ. ಆ ಪ್ರಶ್ನೆಗೆ ಮೊದಲ ಕೆಲವು ದಿನ “ಏನಿಲ್ಲ” ಎಂಬ ಉತ್ತರವೇ ಬರಬಹುದು. ಬೇಸರಪಡದೆ ಮರುದಿನವೂ ಕೇಳಬೇಕು.